ರಾಡು ನೆಲ ಮುಟ್ಟಬಾರದು

ಜಗಳೂರಿನ ಉಚ್ಚಂಗಮ್ಮ ದಾವಣಗೆರೆ ರಸ್ತೆಯ ಮೇಲೆ ಓಡಿದ್ದು ಒಟ್ಟು ಹನ್ನೊಂದು ದಿನ. ಹನ್ನೆರಡನೆಯ ದಿನ ಅವಳ ಅಣ್ಣ ಧರ್ಮಪ್ಪನ ಹಣೆಗೆ ನಾಲ್ಕು ಹೊಲಿಗೆ ಬಿದ್ದವು.

ಅದು ೧೯೮೪ರ ಜನವರಿ. ಪೊಲೀಸ್ ಇಲಾಖೆಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರೆ ಎಂಬ ಜಾಹೀರಾತನ್ನು ಅವಳು ಗ್ರಂಥಾಲಯದ ಪೇಪರಿನಲ್ಲಿ ಓದಿ ಅರ್ಜಿ ಹಾಕಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಿ ಮೂರು ವರ್ಷ ಕಳೆದಿತ್ತು. ಅವ್ವ ಗಿಡ್ಡಮ್ಮನ ಜೊತೆ ಕೂಲಿಗೆ ಹೋಗಿ ಬರುವುದು ಬಿಟ್ಟರೆ ಬೇರೆ ದಾರಿ ಕಂಡಿರಲಿಲ್ಲ. ಎತ್ತರ ಸಾಕಷ್ಟಿತ್ತು, ಓದು ಸಾಕಷ್ಟಿತ್ತು. ಓಟ ಒಂದೇ ಬಾಕಿ. ಎಂಟುನೂರು ಮೀಟರು. ಹನ್ನೆರಡು ಜನರನ್ನು ಒಟ್ಟಿಗೆ ಬಿಡುತ್ತಾರಂತೆ, ಮೊದಲು ಬಂದ ನಾಲ್ವರು ಒಳಗೆ, ಉಳಿದವರು ಮನೆಗೆ.

ಬೆಳಕು ಹರಿಯುವ ಹೊತ್ತಿಗೆ ಎದ್ದು ರಸ್ತೆಗೆ ಇಳಿಯುತ್ತಿದ್ದಳು. ಐದಾರು ದಿನ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಸೈಕಲ್ಲಿನ ಮೇಲೆ ಮೂವರು ಹುಡುಗರು ಹಿಂದೆ ಬರತೊಡಗಿದರು. ಹಾಡು, ಸಿಳ್ಳೆ. ಹನ್ನೊಂದನೆಯ ದಿನ ಒಬ್ಬ ಅವಳ ದುಪಟ್ಟಾ ಎಳೆದುಕೊಂಡು ಹೋದ. ಮರುದಿನ ಧರ್ಮಪ್ಪ ಅವಳನ್ನು ಮನೆಯಲ್ಲೇ ಬಿಟ್ಟು ತಾನೇ ಹೋಗಿ ರಸ್ತೆಯ ಪಕ್ಕ ಕಾದು ನಿಂತ. ತಾಲ್ಲೂಕು ಕಚೇರಿಯ ಜವಾನ ಅವನು, ಜಗಳ ಗೊತ್ತಿಲ್ಲದ ಮನುಷ್ಯ. ಒಬ್ಬನಿಗೆ ಎರಡೇಟು ಹಾಕಿದ, ಇನ್ನೊಬ್ಬ ಹಿಂದಿನಿಂದ ಕಲ್ಲು ಬೀಸಿದ.

ತಲೆಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದವನು ಕೂಗಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

"ಅವ್ವನ ಮುಂದೆ ಹೇಳು," ಎಂದ. "ಇನ್ನೊಂದು ಸಲ ರಸ್ತೆ ಮ್ಯಾಲೆ ಓಡಲ್ಲ ಅಂತ ಹೇಳು."

"ಅಣ್ಣ, ಪರೀಕ್ಷೆ..."

"ಇವತ್ತು ನನ್ನ ಹಣೆ. ನಾಳೆ ಏನಾಗ್ತೈತೋ? ಹೇಳು."

ಗಿಡ್ಡಮ್ಮ ಒಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಉಚ್ಚಂಗಮ್ಮ ಅಣ್ಣನ ಪಟ್ಟಿಯ ಮೇಲೆ ಒಸರುತ್ತಿದ್ದ ಕೆಂಪನ್ನೇ ನೋಡುತ್ತ, "ರಸ್ತೆ ಮ್ಯಾಲೆ ಓಡಲ್ಲ," ಎಂದಳು.

ನಾಲ್ಕು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಐದನೆಯ ದಿನ ಅವಳ ಸೋದರಮಾವ ಚಿಕ್ಕಹನುಮಂತಪ್ಪ ಮನೆಗೆ ಬಂದು, "ಶೇಂಗಾ ಆರಿಸೋದೈತೆ, ನಿಮ್ಮತ್ತಿ ಜೊತೆ ಕೂತ್ಕೊಳಾಕೆ ಬಾ," ಎಂದು ಕರೆದುಕೊಂಡು ಹೋದ.

ಚಿಕ್ಕಹನುಮಂತಪ್ಪ ಮಿಲಿಟರಿಯಲ್ಲಿ ಹದಿನೈದು ವರ್ಷ ಇದ್ದು ಬಂದವನು. ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ಊರ ಹೊರಗಿನ ಶೇಂಗಾ ಮಿಲ್ಲಿಗೆ ಅವನೇ ವಾಚಮನ್. ಸುಗ್ಗಿ ಮುಗಿದು ಮಿಲ್ಲು ಬಾಗಿಲು ಹಾಕಿತ್ತು. ಒಳಗೆ ಉದ್ದನೆಯ ಗೋದಾಮು, ಒಂದು ಮೂಲೆಯಲ್ಲಿ ಖಾಲಿ ಚೀಲಗಳ ರಾಶಿ, ತಗಡಿನ ಮಾಡು, ಸಿಮೆಂಟಿನ ನೆಲ. ಅವನ ಹೆಂಡತಿ ಬೊಮ್ಮಕ್ಕ ಬಾಗಿಲ ಬಳಿ ಮೊರ ಹಿಡಿದು ಕೂತಳು. ಮಾವ ಗೋದಾಮಿನ ನಡುವೆ ಒಂದು ಕಬ್ಬಿಣದ ಸರಳನ್ನು ಎಳೆದು ತಂದ. ಹಳೇ ಯಂತ್ರದಿಂದ ಬಿಚ್ಚಿದ್ದು. ಎರಡು ತುದಿಗೂ ಒಂದೊಂದು ಸಣ್ಣ ಪುಲ್ಲಿ ಚಕ್ರ ತೂರಿಸಿ, ಜಾರದಂತೆ ತಂತಿ ಸುತ್ತಿದ್ದ.

"ತೂಕ ಇಪ್ಪತ್ತು ಕಿಲೋ ಮ್ಯಾಲೆ ಒಂಚೂರು. ಮಿಲ್ಲಿನ ತಕ್ಕಡಿಯಾಗೇ ತೂಗೀನಿ," ಎಂದ.

"ನಾನು ಓಡಬೇಕು ಮಾವ. ಪೈಲ್ವಾನ್ ಆಗೋದಲ್ಲ."

"ನನ್ನ ಮೊಣಕಾಲು ಮುರಿದಾಗ ನನಗೂ ಓಡಾಕೆ ಆಗ್ತಿರಲಿಲ್ಲ. ನಮ್ಮ ಪಿ.ಟಿ. ಉಸ್ತಾದ ಕೈಗೆ ರಾಡು ಕೊಟ್ಟ. ಕಾಲು ಓಡದಿದ್ರೆ ಎದೆ ಓಡಿಸು ಅಂದ. ಒಂದು ಸಲ ಎತ್ತಿ ಇಟ್ರೆ ಮೈ ಗಟ್ಟಿ ಆಗ್ತೈತೆ. ಕೆಳಗೆ ಇಡದೆ ಮೂವತ್ತಾರು ಸಲ ಎತ್ತಿದ್ರೆ ಏನಾಗ್ತೈತೆ ಅಂತ ನೀನೇ ನೋಡು."

ಆರು ವರಸೆ. ಮೊದಲು ರಾಡನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು. ಆಮೇಲೆ ಸೊಂಟ ಬಗ್ಗಿಸಿ, ಬೆನ್ನು ಬಾಗದಂತೆ, ಹೊಟ್ಟೆಗೆ ಎಳೆದುಕೊಳ್ಳುವುದು. ಮೂರನೆಯದು ತೊಡೆಯಿಂದ ಜಿಗಿಸಿ ಹೆಗಲಿಗೆ ತಂದುಕೊಳ್ಳುವುದು. ಅಲ್ಲೇ ಹಿಡಿದು ಬಸ್ಕಿ. ಅಲ್ಲಿಂದ ತಲೆಯ ಮೇಲಕ್ಕೆ. ಕೊನೆಗೆ ಕತ್ತಿನ ಹಿಂದೆ ಇಳಿಸಿಕೊಂಡು ಮತ್ತೆ ಬಸ್ಕಿ. ಒಂದೊಂದು ಆರು ಸಲ. ಎಲ್ಲ ಸೇರಿ ಒಂದು ಸುತ್ತು. ಸುತ್ತು ಮುಗಿಯುವ ತನಕ ಕೈಯಿಂದ ರಾಡು ಬಿಡುವಂತಿಲ್ಲ. ಮೊದಲ ವರಸೆಯಲ್ಲೂ ಅದು ನೆಲಕ್ಕೆ ಒಂದು ಗೇಣು ಮೇಲೆಯೇ ನಿಂತು ತಿರುಗಬೇಕು. ಮುಟ್ಟಿದರೆ ಮೊದಲಿಂದ.

"ನಾನು ಇನ್ನೂ ಜಾಸ್ತಿ ಎತ್ತಬಲ್ಲೆ," ಎಂದಳು ಉಚ್ಚಂಗಮ್ಮ, ಮೊದಲ ವರಸೆ ಆದ ಕೂಡಲೇ. ನೂರು ಕಿಲೋ ಚೀಲದ ಒಂದು ತುದಿ ಹಿಡಿದು ಅಭ್ಯಾಸವಿದ್ದವಳು.

"ಎತ್ತಬಲ್ಲೆ. ತಲೆ ಮ್ಯಾಲೆ ಎತ್ತಬಲ್ಲೆಯಾ? ಯಾವ ವರಸೆಯಾಗೆ ನೀನು ಎಲ್ಲಕ್ಕಿಂತ ಬಡವಿಯೋ, ಅದರ ಭಾರನೇ ಇಡೀ ಸುತ್ತಿನ ಭಾರ. ಮಾತು ಸಾಕು."

ಐದನೆಯ ವರಸೆಗೆ ಬರುವಷ್ಟರಲ್ಲಿ ಅವಳ ಕಿವಿಯೊಳಗೆ ಗಿರಣಿ ಓಡುತ್ತಿತ್ತು. ಆರನೆಯದು ಮುಗಿಸಿ ರಾಡನ್ನು ಇಳಿಸಿದಾಗ ಎದೆ ಬಾಯಿಗೆ ಬಂದಂತಾಯಿತು. ದಾವಣಗೆರೆ ರಸ್ತೆಯಲ್ಲಿ ಒಂದು ದಿನವೂ ಹೀಗೆ ಆಗಿರಲಿಲ್ಲ. ಮಾವ ಅವಳ ಮಣಿಕಟ್ಟು ಹಿಡಿದು ನಾಡಿ ಎಣಿಸಿದ. "ಕೂತ್ಕೋಬ್ಯಾಡ. ನಡಿ. ಮಾತಾಡಬ್ಯಾಡ, ಮೂಗಿನಾಗೆ ಎಳಕೊಂಡು ಬಾಯಾಗೆ ಬಿಡು." ಒಂದೂವರೆ ನಿಮಿಷ. ಮತ್ತೆ ರಾಡು. ಎರಡನೆಯ ಸುತ್ತಿನ ನಡುವೆ ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡಳು. ಬೊಮ್ಮಕ್ಕ ಎದ್ದು ಬಂದು ಗಂಡನನ್ನು ಬೈದಳು.

"ಸಾಯಿಸ್ತೀಯೇನು ಹುಡುಗೀನಾ?"

"ನಾಳೆ ಬರ್ತಾಳೋ ಇಲ್ಲೋ ಅವಳನ್ನೇ ಕೇಳು," ಎಂದ ಚಿಕ್ಕಹನುಮಂತಪ್ಪ.

ಬಂದಳು. ವಾರಕ್ಕೆ ನಾಲ್ಕು ದಿನ, ಮಧ್ಯಾಹ್ನ, ಧರ್ಮಪ್ಪ ಕಚೇರಿಯಲ್ಲಿರುವ ಹೊತ್ತಿಗೆ. ಮಾವನ ಹಳೇ ಖಾಕಿ ಪ್ಯಾಂಟನ್ನು ಸೊಂಟಕ್ಕೆ ಬಿಗಿದುಕೊಂಡು, ಅವನದೇ ಬನಿಯನ್ನಿನ ಮೇಲೆ ಅಂಗಿ ತೊಟ್ಟು ನಿಲ್ಲುತ್ತಿದ್ದಳು. ಫೆಬ್ರವರಿ ಮುಗಿಯುವಾಗ ಮೂರು ಸುತ್ತು, ಮಾರ್ಚ್ ನಡುವೆ ಐದು. ಭಾರ ಹೆಚ್ಚಿಸು ಎಂದರೆ ಮಾವ ಹೆಚ್ಚಿಸುತ್ತಿರಲಿಲ್ಲ. ಸುತ್ತುಗಳ ನಡುವಿನ ಬಿಡುವನ್ನೇ ಐದೈದು ಸೆಕೆಂಡು ಕತ್ತರಿಸುತ್ತ ಬಂದ. ಬೆನ್ನು ಎಲ್ಲಾದರೂ ಬಾಗಿತೋ, ಅಲ್ಲಿಗೆ ಅವತ್ತಿನ ಕೆಲಸ ಬಂದ್. ಏಪ್ರಿಲ್ ಹೊತ್ತಿಗೆ ತಗಡಿನ ಕೆಳಗೆ ಒಲೆಯಂಥ ಕಾವು. ಬೆವರು ಸಿಮೆಂಟಿನ ಮೇಲೆ ಬಿದ್ದು ಅಲ್ಲೇ ಆರುತ್ತಿತ್ತು. ಆದರೂ ಐದನೆಯ ಸುತ್ತು ಮುಗಿಸಿ ಗೋದಾಮಿನ ಆ ತುದಿಗೆ ಹೋಗಿ ಈ ತುದಿಗೆ ಬರುವಷ್ಟರಲ್ಲಿ ಅವಳ ಉಸಿರು ತನ್ನ ಜಾಗಕ್ಕೆ ಬಂದು ಕೂತಿರುತ್ತಿತ್ತು.

ಅಂಚೆಯವನಿಗೆ ಮೊದಲೇ ಹೇಳಿಟ್ಟಿದ್ದರಿಂದ ಪರೀಕ್ಷೆಯ ಪತ್ರ ಮಾವನ ಕೈಗೇ ಬಂತು. ಬರುವ ಗುರುವಾರ, ಚಿತ್ರದುರ್ಗದಲ್ಲಿ.

ಸೋಮವಾರ ಅವಳು ನಾಲ್ಕನೆಯ ಸುತ್ತಿನಲ್ಲಿದ್ದಳು. ರಾಡು ಹೆಗಲ ಮೇಲಿತ್ತು, ಬಸ್ಕಿ ಮೂರು ಮುಗಿದಿತ್ತು. ಬಾಗಿಲ ಬಳಿ ಬೊಮ್ಮಕ್ಕ ಇದ್ದಕ್ಕಿದ್ದಂತೆ ಗಟ್ಟಿ ದನಿಯಲ್ಲಿ, "ಬಾರಪ್ಪ ಧರ್ಮ! ಏನು ಈ ಬಿಸಿಲಾಗೆ?" ಎಂದಳು.

ಚಿಕ್ಕಹನುಮಂತಪ್ಪ ಕಣ್ಣಲ್ಲೇ ಚೀಲದ ರಾಶಿ ತೋರಿಸಿದ. ಉಚ್ಚಂಗಮ್ಮ ರಾಡಿನ ಸಮೇತ ರಾಶಿಯ ಹಿಂದೆ ಸರಿದಳು. ಅಲ್ಲಿ ನಿಂತ ಮೇಲೆ ತಿಳಿಯಿತು, ಇಳಿಸುವಂತಿಲ್ಲ. ಸಿಮೆಂಟಿನ ಮೇಲೆ ಕಬ್ಬಿಣ ಮುಟ್ಟಿದರೆ ಖಾಲಿ ಗೋದಾಮು ಗುಡಿಯ ಗಂಟೆಯಂತೆ ಕೂಗುತ್ತದೆ. ಅಣ್ಣ ಹತ್ತು ಮಾರು ದೂರದಲ್ಲಿ ನಿಂತಿದ್ದ.

"ಕಚೇರಿಯಿಂದ ಹಂಗೇ ಬಂದೆ ಮಾವ," ಧರ್ಮಪ್ಪನ ದನಿ. "ಗೋವಿನಕೋವಿಯಿಂದ ಕಾಗದ ಬಂದೈತೆ. ಬೆನಕಪ್ಪ ಅಂತ, ಒಳ್ಳೆ ಮನಿತನ. ಅವರ ಮಗ ನ್ಯಾಮತಿಯಾಗೆ ಸೊಸೈಟಿ ಕೆಲಸದಾಗೆ ಅದಾನೆ. ಉಚ್ಚಂಗಿನ ನೋಡಾಕೆ ಬರ್ತಾರಂತೆ. ಗುರುವಾರ, ಮೂರು ಗಂಟಿಗೆ. ನೀನು ಇರಬೇಕು."

ಅವಳ ತೋಳು ನಡುಗತೊಡಗಿತು. ಕೈಯನ್ನು ಸ್ವಲ್ಪ ಅಗಲಿಸಿ ಮೊಣಕೈ ಎತ್ತಿದಳು. ಭಾರ ಎದೆಯ ಎಲುಬಿನ ಮೇಲೆ ಕೂತಿತು. ಉಸಿರಿನ ಸದ್ದು ಕೇಳಬಾರದೆಂದು ಮೂಗಿನಲ್ಲೇ ಸಣ್ಣಗೆ ಎಳೆದುಕೊಂಡಳು. ಸುತ್ತಿನ ನಡುವೆ ಮೂಗಿಗೆ ಗಾಳಿ ಎಲ್ಲಿ ಸಾಲುತ್ತದೆ. ಕಣ್ಣ ಮುಂದೆ ಕಪ್ಪು ಚುಕ್ಕೆ ಆಡತೊಡಗಿದವು.

"ಗುರುವಾರ?" ಎಂದ ಮಾವ.

"ಹೂಂ, ಗುರುವಾರ. ಯಾಕೆ?"

"ಏನಿಲ್ಲ. ಬರ್ತೀನಿ."

"ಉಚ್ಚಂಗಿ ಎಲ್ಲಿ? ಇಲ್ಲೇ ಅದಾಳೆ ಅಂದ್ಲು ಅವ್ವ."

"ಈಗ ತಾನೇ ಹೊಳ್ಳಿ ಹೋದ್ಲಪ್ಪ, ನಿನಗೆ ಎದುರಾಗಲಿಲ್ಲೇನು?" ಎಂದಳು ಬೊಮ್ಮಕ್ಕ. "ನೀರು ಕುಡೀತೀಯಾ? ಮಜ್ಜಿಗೆ ಐತೆ."

ಧರ್ಮಪ್ಪ ಮಜ್ಜಿಗೆ ಕುಡಿಯಲು ಕೂತ. ಉಪ್ಪು ಕಮ್ಮಿ ಎಂದ. ಬೊಮ್ಮಕ್ಕ ಉಪ್ಪು ಹಾಕಿದಳು. ರಾಡು ಒಂದೊಂದು ಕೂದಲೆಳೆಯಷ್ಟು ಜಾರುತ್ತಿರುವುದು ಉಚ್ಚಂಗಮ್ಮನಿಗೆ ಗೊತ್ತಾಗುತ್ತಿತ್ತು. ಕೈ ಬಿಟ್ಟರೆ ಮೂರು ತಿಂಗಳೂ ಹೋಯಿತು, ಮಾವನ ಮರ್ಯಾದೆಯೂ ಹೋಯಿತು. ಕೊನೆಗೆ ಹಲ್ಲು ಕಚ್ಚಿ ಅದನ್ನು ತಲೆಯ ಮೇಲಿಂದ ದಾಟಿಸಿ ಕತ್ತಿನ ಹಿಂದೆ ಇಳಿಸಿಕೊಂಡಳು. ಬೆನ್ನು ಹೊರತೊಡಗಿದಾಗ ಕೈಗೆ ಜೀವ ಬಂತು. ಅಣ್ಣನ ಚಪ್ಪಲಿಯ ಸದ್ದು ಗೇಟಿನ ಆಚೆ ಕರಗುವ ತನಕ ಹಾಗೇ ನಿಂತಿದ್ದಳು.

ಮಾವ ಬಂದು ರಾಡು ಇಳಿಸಿಕೊಂಡಾಗ ಅವಳು ಅಲ್ಲೇ ಕುಸಿದಳು.

"ಕೇಳಿಸ್ತಾ?" ಎಂದ.

"ಕೇಳಿಸ್ತು."

"ಬಿಟ್ಟುಬಿಡೋಣ ಏನು ಉಚ್ಚಂಗಿ? ಮುಂದಿನ ವರ್ಷ ಮತ್ತೆ ಕರೀಬಹುದು."

"ಮುಂದಿನ ವರ್ಷ ನಾನು ಗೋವಿನಕೋವಿಯಾಗೆ ಇರ್ತೀನಿ ಮಾವ." ಅವಳು ಬೆವರು ಒರೆಸಿಕೊಂಡಳು. "ದುರ್ಗಕ್ಕೆ ಮೊದಲನೇ ಬಸ್ಸು ಎಷ್ಟೊತ್ತಿಗೆ?"

ಗುರುವಾರ ಐದಕ್ಕೆ ಎದ್ದು ಬಾಗಿಲು ತೆಗೆಯುವಾಗ ಗಿಡ್ಡಮ್ಮ ಒಲೆ ಹೊತ್ತಿಸುತ್ತ ಕೂತಿದ್ದಳು. ಧರ್ಮಪ್ಪ ಇನ್ನೂ ಮಲಗಿದ್ದ.

"ಎಲ್ಲಿಗೆ?"

"ಮಾವನ ಜೊತೆ ದುರ್ಗಕ್ಕೆ. ಮೂರರ ಒಳಗೆ ಬರ್ತೀನಿ ಅವ್ವ."

"ಓಡಾಕೇನು?"

ಉಚ್ಚಂಗಮ್ಮನಿಗೆ ಸುಳ್ಳು ಬಾಯಿಗೆ ಬರಲಿಲ್ಲ. ಅವ್ವ ಅವಳನ್ನು ಒಂದು ಗಳಿಗೆ ನೋಡಿ ಮತ್ತೆ ಒಲೆಯ ಕಡೆ ತಿರುಗಿದಳು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಎರಡು ಸುತ್ತು ಹಾಕಿದರೆ ಎಂಟುನೂರು ಮೀಟರು. ಎತ್ತರ, ಕಾಗದ ಪತ್ರ ಎಲ್ಲ ನೋಡಿ ಮುಗಿಸುವಷ್ಟರಲ್ಲಿ ಹತ್ತೂವರೆಯಾಯಿತು. ಅವಳ ಬೆನ್ನಿಗೆ ನಲವತ್ತೇಳು ಎಂಬ ಚೀಟಿ ಅಂಟಿಸಿದರು. ಜೊತೆಗಿದ್ದ ಹನ್ನೊಂದು ಜನರಲ್ಲಿ ನಾಲ್ಕೈದು ಜನ ಕಾಲೇಜಿನವರು, ಕಾಲಿಗೆ ಬಿಳೀ ಷೂ. ಉಚ್ಚಂಗಮ್ಮ ಬರಿಗಾಲು. ಹೊರಗಿನವರು ಹಗ್ಗದ ಆಚೆ ನಿಲ್ಲಬೇಕಿತ್ತು. ಚಿಕ್ಕಹನುಮಂತಪ್ಪ ಅಲ್ಲೇ ಒಂದು ಬೇವಿನ ಮರಕ್ಕೆ ಒರಗಿ ನಿಂತ.

ಸೀಟಿ ಊದಿದಾಗ ಷೂ ಹಾಕಿದವರು ಬಾಣದಂತೆ ಹೋದರು. ಅವಳೂ ಅವರ ಹಿಂದೆಯೇ ಬಿದ್ದಳು. ಅದೇ ತಪ್ಪಾಯಿತು. ಮೂರು ತಿಂಗಳಿಂದ ಒಂದು ದಿನವೂ ಓಡದ ಕಾಲು ನೆಲವನ್ನೇ ಮರೆತಿತ್ತು. ಹೆಜ್ಜೆ ಎಲ್ಲೆಲ್ಲೋ ಬೀಳುತ್ತಿತ್ತು. ಮೊದಲ ಸುತ್ತು ಮುಗಿಯುವಾಗ ಐದನೆಯವಳಾಗಿದ್ದಳು, ಎರಡನೆಯ ಸುತ್ತಿನ ಅರ್ಧಕ್ಕೆ ಎಂಟನೆಯವಳು. ಎದೆಯಲ್ಲಿ ಇನ್ನೂ ಗಾಳಿ ಇತ್ತು, ಮೀನಖಂಡ ಕಲ್ಲಾಗಿತ್ತು. ಮುಂದಿನವಳ ಬೆನ್ನು ದೂರವಾಗುತ್ತಲೇ ಹೋಯಿತು. ಆಯಿತು, ಮುಗಿಯಿತು ಎಂದು ಅವಳಿಗೆ ಖಚಿತವಾಗಿ ಅನ್ನಿಸಿತು.

ಆಗ ಎಲ್ಲಿಂದಲೋ ಒಂದು ಹೋರಿಗರು ಬಾಲ ಎತ್ತಿಕೊಂಡು ಹಗ್ಗದ ಕೆಳಗೆ ನುಗ್ಗಿತು. ಅದರ ಹಿಂದೆ ಒಬ್ಬ ಮುದುಕ. ಕರು ಗೆರೆಗಳಿಗೆ ಅಡ್ಡಲಾಗಿ ಓಡಿತು. ಮುಂದಿದ್ದ ಹುಡುಗಿ ಅದಕ್ಕೆ ಡಿಕ್ಕಿ ಹೊಡೆದು ಬಿದ್ದಳು, ಅವಳ ಮೇಲೆ ಇನ್ನಿಬ್ಬರು. ಉದ್ದನೆಯ ಸೀಟಿ ಊದಿದರು.

ಅಧಿಕಾರಿಗಳು ತಮ್ಮಲ್ಲೇ ಮಾತಾಡಿಕೊಂಡರು. ಬಿದ್ದವರಿಗೆ ತರಚು ಗಾಯವಷ್ಟೇ. ಇನ್ನೂ ನಾಲ್ಕು ತಂಡಗಳು ಬಿಸಿಲಲ್ಲಿ ಕಾಯುತ್ತಿದ್ದವು.

"ಈ ಓಟ ರದ್ದು," ಎಂದರು ಟೋಪಿ ಹಾಕಿದ ಹಿರಿಯರೊಬ್ಬರು. "ಹತ್ತು ನಿಮಿಷ ಬಿಟ್ಟು ಇದೇ ಹನ್ನೆರಡು ಜನ ಮತ್ತೆ ಓಡಬೇಕು."

ಹುಡುಗಿಯರು ಅಯ್ಯೋ ಎಂದರು. ಒಬ್ಬಳು ಅಲ್ಲೇ ಬೋರಲು ಬಿದ್ದಳು. ಮೂವರು ನೀರಿಗೆ ಓಡಿ ಗಟಗಟ ಕುಡಿದರು. ಷೂ ಹಾಕಿದವರೆಲ್ಲ ಮಂಡಿಯ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದರು.

ಉಚ್ಚಂಗಮ್ಮ ಕೂರಲಿಲ್ಲ. ನಡೆಯತೊಡಗಿದಳು. ಮೂಗಿನಲ್ಲಿ ಎಳೆದು ಬಾಯಲ್ಲಿ ಬಿಟ್ಟಳು. ಮಾವನ ಮುಖ ನೋಡಿದಳು. ಅವನು ಬೇವಿನ ಮರ ಬಿಟ್ಟು ಹಗ್ಗದ ಬಳಿಗೆ ಬಂದು, ಒಂದು ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಿದ್ದ. ಎರಡು ನಿಮಿಷಕ್ಕೆ ಎದೆಯ ಬಡಿತ ಇಳಿಯಿತು. ಇಷ್ಟೇನಾ ಎಂದು ಅವಳಿಗೇ ಆಶ್ಚರ್ಯ. ಗೋದಾಮಿನಲ್ಲಿ ಇದಕ್ಕಿಂತ ಕಮ್ಮಿ ಬಿಡುವಿಗೆ ಮತ್ತೆ ರಾಡು ಹಿಡಿಯುತ್ತಿದ್ದಳಲ್ಲ.

"ಉಚ್ಚಂಗೀ!"

ಅವಳು ತಿರುಗಿ ನೋಡಿದಳು. ಹಗ್ಗದ ಆಚೆ ಧರ್ಮಪ್ಪ ನಿಂತಿದ್ದ. ಅಂಗಿಯ ತುಂಬ ಲಾರಿಯ ಧೂಳು, ಹಣೆಯ ಮೇಲಿನ ಗಾಯದ ಗುರುತು ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು.

"ನಡಿ ಮನೀಗೆ."

ಬಿಡುವಿನಲ್ಲಿ ಮಾತಾಡಿದರೆ ಉಸಿರು ಖರ್ಚು. ನಡೆಯುತ್ತಲೇ ಇದ್ದಳು.

"ನಿನಗೇ ಹೇಳ್ತಿರೋದು! ಮೂರಕ್ಕೆ ಅವರು ಬರ್ತಾರೆ. ಊರೋರ ಮುಂದೆ ನನ್ನ ಮಾನ ತೆಗೀಬೇಕಂತ ಮಾಡೀಯಾ? ಅವ್ವನ ಮುಂದೆ ಏನು ಹೇಳಿದ್ದೆ ನೀನು?"

"ಧರ್ಮ, ಐದು ನಿಮಿಷ ಸುಮ್ನಿರಪ್ಪ," ಎಂದ ಚಿಕ್ಕಹನುಮಂತಪ್ಪ.

"ನೀನು ಮಾತಾಡಬ್ಯಾಡ ಮಾವ! ನನ್ನ ಮುಂದೆ ಕೂತು ಬರ್ತೀನಿ ಅಂದೋನು ನೀನೇ ಅಲ್ಲೇನು?"

ಉಚ್ಚಂಗಮ್ಮ ನಿಂತಳು. ಹಗ್ಗದ ಬಳಿಗೆ ಬಂದು ಅಣ್ಣನ ಕಣ್ಣಿಗೆ ಕಣ್ಣಿಟ್ಟು, "ರಸ್ತೆ ಮ್ಯಾಲೆ ಓಡಲ್ಲ ಅಂದಿದ್ದೆ ಅಣ್ಣ. ಮೂರು ತಿಂಗಳು ಓಡಿಲ್ಲ. ಇದು ರಸ್ತೆ ಅಲ್ಲ," ಎಂದಳು.

ಧರ್ಮಪ್ಪ ಹಗ್ಗ ದಾಟಿದ. ಅವಳ ರಟ್ಟೆಗೆ ಕೈ ಹಾಕುವಷ್ಟರಲ್ಲಿ ಇಬ್ಬರು ಪೇದೆಗಳು ಓಡಿಬಂದು ಅವನ ಕೊರಳಪಟ್ಟಿ ಹಿಡಿದರು. "ಯಾರೋ ನೀನು? ಹೆಣ್ಮಕ್ಕಳ ಮೈ ಮುಟ್ಟಾಕೆ ಬಂದೀಯಾ?" ಒಬ್ಬ ಅವನ ತೋಳನ್ನು ಹಿಂದಕ್ಕೆ ತಿರುಚಿದ. ಧರ್ಮಪ್ಪನ ಚಪ್ಪಲಿ ಕಳಚಿ ಬಿತ್ತು. ಜನ ಕತ್ತೆತ್ತಿ ನೋಡಿದರು. ಗೆರೆಯ ಹತ್ತಿರ, "ಎರಡು ನಿಮಿಷ!" ಎಂದು ಕೂಗಿದರು.

ಗೆರೆಯ ಕಡೆಗೆ ಹೋಗಬಹುದಿತ್ತು. ಅವನನ್ನು ಹೇಗೂ ಹೊರಗೆ ಕಳಿಸುತ್ತಿದ್ದರು. ಅವಳಿಗೆ ಆ ತಿರುಚಿದ ತೋಳು ನೋಡಲಾಗಲಿಲ್ಲ.

"ಬಿಡ್ರೀ! ನಮ್ಮಣ್ಣ ರೀ ಅವನು! ಬಿಡ್ರಿ!" ಎಂದು ಕೂಗಿ ಪೇದೆಯ ಕೈ ಹಿಡಿದು ಎಳೆದಳು. "ಕೈ ಬಿಡ್ರಿ, ದಮ್ಮಯ್ಯ ಅಂತೀನಿ. ನನ್ನ ಕರಕೊಂಡು ಹೋಗಾಕೆ ಬಂದಾನೆ, ಬೇರೆ ಏನಿಲ್ಲ ರೀ."

ಪೇದೆ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿ ಕೈ ಸಡಿಲಿಸಿದ. ಧರ್ಮಪ್ಪನನ್ನು ಹಗ್ಗದ ಆಚೆಗೆ ದಬ್ಬಿದರು. ಅವನ ಮುಖ ಕಪ್ಪಿಟ್ಟಿತ್ತು. ಅವಳ ಎದೆ ಮತ್ತೆ ಡವಡವ ಬಡಿಯುತ್ತಿತ್ತು, ಕೂಡಿಟ್ಟ ಉಸಿರೆಲ್ಲ ಚೆಲ್ಲಿಹೋಗಿತ್ತು. ಗೆರೆಗೆ ಹೋಗಿ ನಿಂತಾಗ ಉಳಿದದ್ದು ಅರ್ಧ ನಿಮಿಷ. ಅಕ್ಕಪಕ್ಕದಲ್ಲಿ ಹತ್ತೇ ಜನ. ಒಬ್ಬಳು ಬಿಟ್ಟುಕೊಟ್ಟಿದ್ದಳು.

ಸೀಟಿ.

ಈ ಸಲ ಅವಳು ಯಾರ ಹಿಂದೆಯೂ ಬೀಳಲಿಲ್ಲ. ಷೂಗಳು ಮತ್ತೆ ಮುಂದೆ ಹೋದವು. ಹೋಗಲಿ ಎಂದುಕೊಂಡಳು. ಎಲ್ಲಿ ನಾನು ಬಡವಿ? ಕೊನೆಯ ನೂರು ಮಾರಿನಲ್ಲಿ. ಅಲ್ಲಿ ಎಷ್ಟು ಜೋರಾಗಿ ಓಡಬಲ್ಲೆನೋ ಈಗಲೂ ಅಷ್ಟೇ ಜೋರು. ಎರಡು ಸುತ್ತನ್ನು ಮನಸ್ಸಿನಲ್ಲೇ ಆರು ಪಾಲು ಮಾಡಿದಳು. ಮೊದಲ ಪಾಲು ಮುಗಿದಾಗ ಅವಳು ಎಂಟನೆಯವಳು. ಪಾದ ಪೂರ್ತಿ ಊರಿ, ಹೆಗಲು ಸಡಿಲ ಬಿಟ್ಟು ಓಡಿದಳು. ಎರಡನೆಯ ಪಾಲು. ಮುಂದೆ ಒಬ್ಬಳು ಪಕ್ಕೆ ಹಿಡಿದುಕೊಂಡು ನಡೆಯತೊಡಗಿದಳು. ನೀರು ಕುಡಿದವರಲ್ಲೊಬ್ಬಳು ಅವಳು. ಮೂರನೆಯದು. ಇನ್ನೊಬ್ಬಳ ಉಸಿರು ಕುಯ್ಯೋ ಎಂದು ಕೇಳಿಸಿತು, ಆಮೇಲೆ ಹಿಂದೆ ಬಿತ್ತು.

ನಾಲ್ಕನೆಯ ಪಾಲಿನಲ್ಲಿ ಹಗ್ಗದ ಬದಿ ದಾಟುವಾಗ ಅಣ್ಣ ಕಂಡ. ಒಂದು ಕಾಲಿಗೆ ಚಪ್ಪಲಿ ಇಲ್ಲದೆ ನಿಂತಿದ್ದ. ಅವನು ಏನೋ ಅಂದ. ಏನೆಂದು ಕೇಳಿಸಲಿಲ್ಲ.

ಐದನೆಯದರಲ್ಲಿ ನೋವು ಶುರುವಾಯಿತು. ಬಲಗಾಲಿನ ಹೆಬ್ಬೆರಳ ಕೆಳಗೆ ಏನೋ ಹರಿದು ಒದ್ದೆಯಾಗಿತ್ತು. ಈ ನೋವು ಅವಳಿಗೆ ಪರಿಚಯದ್ದು. ಇಡಬೇಕು, ಇಟ್ಟುಬಿಡಬೇಕು ಎಂದು ಮೈಯೆಲ್ಲ ಕೂಗುವ ಹೊತ್ತು. ಆಗ ಇನ್ನೂ ಒಂದು ವರಸೆ ಬಾಕಿ ಇರುತ್ತದೆ ಎಂದು ಅವಳ ಮೈಗೆ ಗೊತ್ತಿತ್ತು. ಮುಂದೆ ಐದು ಬೆನ್ನು. ಒಂದನ್ನು ತಿರುವಿನಲ್ಲಿ ದಾಟಿದಳು. ನಾಲ್ಕು. ಈಗ ಅವಳು ಐದನೆಯವಳು, ಐದನೆಯವಳಿಗೆ ಅಲ್ಲಿ ಜಾಗವಿರಲಿಲ್ಲ.

ಮುಂದಿನವಳು ಎತ್ತರದ ಹುಡುಗಿ, ಷೂ ಹಾಕಿದವಳು, ಮೂವತ್ತು ಮಾರು ದೂರ. ಇಪ್ಪತ್ತಾಯಿತು. ಹತ್ತಾಯಿತು. ಆ ಹುಡುಗಿ ಹಿಂತಿರುಗಿ ನೋಡಿದಳು. ನೋಡಿದ ಮೇಲೆ ಅವಳ ಹೆಜ್ಜೆ ಒಂದು ಸಲ ತಪ್ಪಿತು. ಉಚ್ಚಂಗಮ್ಮ ಇಷ್ಟು ಹೊತ್ತು ಕಾಯ್ದಿಟ್ಟುಕೊಂಡಿದ್ದನ್ನೆಲ್ಲ ಬಿಚ್ಚಿದಳು. ಕೊನೆಯ ನಾಲ್ಕೈದು ಮಾರಿನಲ್ಲಿ ಇಬ್ಬರ ಮೊಣಕೈ ತಾಕಿತು. ಗೆರೆ ಯಾವಾಗ ದಾಟಿದಳೋ ಅವಳಿಗೆ ತಿಳಿಯಲಿಲ್ಲ. ಯಾರೋ ಭುಜ ಹಿಡಿದು ನಿಲ್ಲಿಸಿದರು.

ಪಟ್ಟಿ ಬರೆಯುತ್ತಿದ್ದವರು ಅವಳ ಬೆನ್ನು ನೋಡಿ ನಾಲ್ಕನೆಯ ಸಾಲಿನಲ್ಲಿ ನಲವತ್ತೇಳು ಎಂದು ಬರೆದುಕೊಂಡರು. ಎತ್ತರದ ಹುಡುಗಿ ನೆಲದ ಮೇಲೆ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಉಚ್ಚಂಗಮ್ಮ ಅವಳ ಪಕ್ಕ ಕೂತು ಸ್ವಲ್ಪ ಹೊತ್ತು ಬೆನ್ನ ಮೇಲೆ ಕೈಯಿಟ್ಟಳು.

ಆಯ್ಕೆಯಾದವರ ಕಾಗದ ಪತ್ರ ಮುಗಿದು ಮೂವರೂ ಜಗಳೂರಿನ ಬಸ್ಸು ಹತ್ತುವಷ್ಟರಲ್ಲಿ ಎರಡು ಗಂಟೆಯಾಗಿತ್ತು. ಧರ್ಮಪ್ಪ ಕಿಟಕಿಯ ಪಕ್ಕ ಕೂತು ಹೊರಗೇ ನೋಡುತ್ತಿದ್ದ. ಅರ್ಧ ದಾರಿ ಕಳೆದ ಮೇಲೆ ಅವಳ ಕಾಲಿನ ಕಡೆ ನೋಡಿ, ಜೇಬಿನಿಂದ ಕರ್ಚೀಫು ತೆಗೆದು ಅವಳ ತೊಡೆಯ ಮೇಲೆ ಎಸೆದ.

"ಕಟ್ಕೋ. ರಕ್ತ ಸುರೀತೈತೆ."

ಅವಳು ಕಟ್ಟಿಕೊಂಡಳು.

"ನಾನು ಒಪ್ಪೀನಿ ಅಂತ ತಿಳ್ಕೋಬ್ಯಾಡ," ಎಂದ. "ಅವನು ನನ್ನ ತೋಳು ತಿರುಚಿದಾಗ ನೀನು ಓಟ ಬಿಟ್ಟು ಬಂದೆ. ಅದಕ್ಕೇ ಸುಮ್ನಿದೀನಿ."

ಮನೆ ಮುಟ್ಟಿದಾಗ ಮೂರೂಮುಕ್ಕಾಲು. ಗೋವಿನಕೋವಿಯವರು ಹೊನ್ನಾಳಿಯಲ್ಲಿ ಒಂದು ಬಸ್ಸು ತಪ್ಪಿಸಿಕೊಂಡು ಆಗ ತಾನೇ ಬಂದು ಕೂತಿದ್ದರು. ಚಾಪೆಯ ಮೇಲೆ ಬೆನಕಪ್ಪ, ಅವನ ಹೆಂಡತಿ, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಹುಡುಗ. ಉಚ್ಚಂಗಮ್ಮ ಖಾಕಿ ಪ್ಯಾಂಟಿನಲ್ಲೇ, ಕಾಲಿಗೆ ರಕ್ತದ ಬಟ್ಟೆ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಳು. ಬೆನಕಪ್ಪನ ಕಣ್ಣು ಅವಳ ಕಾಲಿನಿಂದ ಮೇಲಕ್ಕೆ, ಅಲ್ಲಿಂದ ಧರ್ಮಪ್ಪನ ಕಡೆಗೆ ಹೋಯಿತು.

"ಏನಪ್ಪ ಇದು?"

ಅಣ್ಣ ಈಗ ಏನು ಹೇಳುತ್ತಾನೋ ಎಂದು ಅವಳು ನೆಲ ನೋಡುತ್ತ ನಿಂತಳು. ಧರ್ಮಪ್ಪ ಅವಳನ್ನು ದಾಟಿ ಒಳಗೆ ಬಂದ.

"ತಪ್ಪು ನಂದು ರೀ," ಎಂದ. "ನಿಮ್ಮನ್ನು ಕರೆಸೋಕೆ ಮುಂಚೆ ಇವಳನ್ನು ಕೇಳಬೇಕಿತ್ತು. ಪೊಲೀಸ್ ಪರೀಕ್ಷೆಗೆ ಓಡಿ ಬಂದಾಳೆ. ಪಾಸಾಗ್ಯಾಳೆ. ಈಗ ಮದುವಿ ಮಾತು ಆಡಾಕೆ ಬರಲ್ಲ. ಊಟ ಮಾಡ್ಕೊಂಡು ಹೋಗ್ರಿ."

ಊಟಕ್ಕೆ ಅವರು ಕೂರಲಿಲ್ಲ. ಬೆನಕಪ್ಪ ಟವೆಲ್ಲು ಕೊಡವಿ ಎದ್ದ. ಹೆಣ್ಣು ತೋರಿಸುತ್ತೇವೆಂದು ಅಷ್ಟು ದೂರದಿಂದ ಕರೆಸಿ ಅವಮಾನ ಮಾಡಿದಿರಿ ಎಂದ. ಅದು ನಿಜವೇ ಆಗಿತ್ತು. ಧರ್ಮಪ್ಪ ಕೈ ಮುಗಿದು ಬೀದಿಯ ತುದಿಯವರೆಗೆ ಅವರ ಹಿಂದೆಯೇ ಹೋದ.

ಗಿಡ್ಡಮ್ಮ ಬಿಸಿನೀರು ತಂದು ಮಗಳ ಕಾಲು ತೊಳೆಯಲು ಕೂತಳು. ಅಂಗಾಲಿನ ಚರ್ಮ ನಾಣ್ಯದಗಲ ಎದ್ದು ಬಂದಿತ್ತು.

"ಅವನಿಗೆ ನಾನೇ ಹೇಳಿದೆ," ಎಂದಳು ತಲೆಯೆತ್ತದೆ. "ಎದ್ದಾಗಿನಿಂದ ಕೇಳ್ತಾನೇ ಇದ್ದ. ದುರ್ಗದ ಒಂಬತ್ತರ ಬಸ್ಸು ಹೋಗೋವರೆಗೂ ನಾನು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದೆ. ಲಾರಿ ಹತ್ತಿ ಬರ್ತಾನೆ ಅಂತ ನನಗೇನು ಗೊತ್ತು?"

ಉಚ್ಚಂಗಮ್ಮ ಬೆಳಗಿನಿಂದ ಮೊದಲ ಸಲ ಅತ್ತಳು. ಗಿಡ್ಡಮ್ಮ ಅವಳ ಕಾಲನ್ನು ತನ್ನ ಸೆರಗಿನಿಂದ ಒರೆಸಿದಳು.

ನೇಮಕದ ಆದೇಶ ಆಗಸ್ಟಿನಲ್ಲಿ ಬಂತು. ಊರಲ್ಲಿ ನಾಲ್ಕು ಜನ ನಾಲ್ಕು ಮಾತಾಡಿದರು, ಗೋದಾಮಿನಲ್ಲಿ ಹುಡುಗಿಗೆ ಕಸರತ್ತು ಮಾಡಿಸಿದ್ದು ಮಿಲ್ಲಿನ ಮಾಲೀಕನ ಕಿವಿಗೂ ಬಿತ್ತು. ಚಿಕ್ಕಹನುಮಂತಪ್ಪನ ವಾಚಮನ್ ಕೆಲಸ ಹೋಯಿತು. ಅವನು ಅದನ್ನು ದೊಡ್ಡದು ಮಾಡಲಿಲ್ಲ. ಹೊನ್ನಾಳಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಬೇರೆ ಕೆಲಸ ಹುಡುಕಿಕೊಂಡು ಹೆಂಡತಿಯೊಂದಿಗೆ ಹೊರಟುಹೋದ. ಉಚ್ಚಂಗಮ್ಮ ತರಬೇತಿಗೆ ಹೊರಟ ದಿನ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದವನು ಧರ್ಮಪ್ಪನೇ. ಇಳಿದು ಬಂದು, ಕೈ ಧೂಳು ಕೊಡವಿಕೊಂಡು, ಬಸ್ಸು ಹೊರಡುವವರೆಗೂ ಬೇರೆ ಯಾವುದೋ ಬಸ್ಸಿನ ಬೋರ್ಡು ಓದುವವನಂತೆ ಅತ್ತ ತಿರುಗಿ ನಿಂತಿದ್ದ. ಡ್ರೈವರು ಗೇರು ಹಾಕಿದ ಮೇಲೆ ಕಿಟಕಿಯ ಬಳಿ ಬಂದ.

"ಮುಟ್ಟಿದ ಮ್ಯಾಲೆ ಕಾಗದ ಹಾಕು," ಎಂದ. "ಅವ್ವ ಚಿಂತಿ ಮಾಡ್ತಾಳೆ."